ಸಂತೆ ದಿನದ ಗ್ಲೌಸು

ಈ ಸಭೆಯ ಅಧ್ಯಕ್ಷರೂ ಹಿಂದೂಪುರದ ಹುಣಸೆ ಮಂಡಿಯ ಹಿರಿಯರೂ ಆದ ಶ್ರೀ ಮರುಳಸಿದ್ದಪ್ಪನವರೇ, ಅಭಿನಂದನ ಪತ್ರವನ್ನು ಒಂದು ತಪ್ಪಿಲ್ಲದೆ ಓದಿದ ಆದಿಲಕ್ಷ್ಮಮ್ಮ ಟೀಚರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ ಮತ್ತು ಸಿಗದಿರುವ ಎಲ್ಲ ಸಭಿಕರೇ,

ನನಗೆ ಅರವತ್ತು ತುಂಬಿತು ಎಂಬ ಒಂದೇ ಕಾರಣಕ್ಕೆ ನೀವೆಲ್ಲ ಇಲ್ಲಿ ಸೇರಿದ್ದೀರಿ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ, ಸುಮ್ಮನಿದ್ದರೂ ತುಂಬುತ್ತಿತ್ತು. ನನಗಿಂತ ಮೊದಲು ನಾಲ್ವರು ಮಾತನಾಡಿದರು. ಅವರು ಹೊಗಳುತ್ತಿದ್ದ ಆ ಡಾಕ್ಟರು ಯಾರು, ನಮ್ಮ ಊರಿನಲ್ಲೇ ಇದ್ದಾರೆಯೇ, ನನ್ನ ಮಂಡಿನೋವನ್ನು ಅವರಿಗೇ ತೋರಿಸಬಹುದಲ್ಲ ಎಂದು ನಾನು ಯೋಚಿಸುತ್ತಿದ್ದೆ. ಕೊನೆಗೆ ಡಾಕ್ಟರ್ ಶಿವಯೋಗಪ್ಪ ಎಂದು ನನ್ನ ಹೆಸರು ಬಂತು. ಆಮೇಲೆ ಶಾಲು ಬಂತು. ಸೆಕೆಯಿದ್ದರೂ ತೆಗೆಯುವುದಿಲ್ಲ, ಭಯಪಡಬೇಡಿ.

ಅಭಿನಂದನ ಪತ್ರದಲ್ಲಿ ಎರಡು ಮಾತುಗಳಿವೆ. ನನಗೆ ಹಸ್ತವಾಸಿ ಇದೆ ಎಂಬುದು ಒಂದು. ನಾವು ಕನ್ನಡದವರು ಕೈಗುಣ ಎನ್ನುತ್ತೇವೆ, ಆದರೆ ಈ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವವರೂ ಡಾಕ್ಟರ ವಿಷಯ ಬಂದಾಗ 'ಆಯನ ಹಸ್ತವಾಸಿ ಮಂಚಿದಿ', ಅವರ ಕೈಗುಣ ಒಳ್ಳೆಯದು, ಎಂದು ತೆಲುಗಿನಲ್ಲೇ ಹೇಳುತ್ತಾರೆ. ಬೇರೆ ಡಾಕ್ಟರುಗಳು ಹತ್ತು ಸೆಕೆಂಡಿನಲ್ಲಿ ಬಿಡುವ ನಾಡಿಯನ್ನು ನಾನು ಒಂದು ಪೂರ್ತಿ ನಿಮಿಷ ಹಿಡಿದು ನೋಡುತ್ತೇನೆ, ಅದು ನನ್ನ ಕರ್ತವ್ಯನಿಷ್ಠೆ ಎಂಬುದು ಎರಡನೆಯದು. ಈ ಎರಡು ಮಾತುಗಳಿಗೆ ಉತ್ತರ ಹೇಳಿ ಕುಳಿತುಬಿಡೋಣ ಎಂದುಕೊಂಡು ಎದ್ದೆ. ಉತ್ತರ ಸ್ವಲ್ಪ ಉದ್ದವಾಗಬಹುದು. ಉಪ್ಪಿಟ್ಟು ಆರಿಹೋಗದಂತೆ ಅಡುಗೆಯವರು ಮುಚ್ಚಿಡಲಿ.

ಅಧ್ಯಕ್ಷರು ತಮ್ಮ ಮಾತಿನಲ್ಲಿ, ನಾನು ಹುಟ್ಟೂರಿನ ಸೆಳೆತಕ್ಕೆ ಕಲ್ಯಾಣದುರ್ಗದ ಕ್ಲಿನಿಕ್ಕು ಮುಚ್ಚಿ ಇಲ್ಲಿಗೆ ಬಂದೆ ಎಂದರು. ತಪ್ಪು ಅವರದಲ್ಲ. ನಾಲ್ಕು ವರ್ಷದಿಂದ ಎಲ್ಲರಿಗೂ ನಾನೇ ಹಾಗೆ ಹೇಳಿಕೊಂಡು ಬಂದಿದ್ದೇನೆ. ಇಪ್ಪತ್ಮೂರು ವರ್ಷ ನಡೆದ ಕ್ಲಿನಿಕ್ಕನ್ನು ಸೆಳೆತಕ್ಕಾಗಿ ಯಾರಾದರೂ ಮುಚ್ಚುತ್ತಾರೆಯೇ? ಮುಚ್ಚಿದ ವರ್ಷ ಅಲ್ಲಿಗೆ ದಿನಕ್ಕೆ ಇಬ್ಬರು ರೋಗಿಗಳು ಬರುತ್ತಿದ್ದರು. ಅವರಲ್ಲಿ ಒಬ್ಬರು ದಾರಿ ಕೇಳಲು ಬಂದವರು.

ಎಪ್ಪತ್ತೊಂದರಲ್ಲಿ ನಾನು ಕಲ್ಯಾಣದುರ್ಗದಲ್ಲಿ ಬೋರ್ಡು ಹಾಕಿದೆ. ಕುಂದುರ್ಪಿ ಕಡೆಯಿಂದ, ಕಂಬದೂರು ಕಡೆಯಿಂದ ಬೆಳಗಿನ ಬಸ್ಸಿಗೆ ಜನ ಬರುತ್ತಿದ್ದರು. ಆ ಜನರಿಗೆ ಒಂದು ರೂಢಿ. ಡಾಕ್ಟರು ಮೊದಲು ಕೈ ಹಿಡಿದು ನಾಡಿ ನೋಡಬೇಕು. ಕಾಲಿಗೆ ಮುಳ್ಳು ಹೊಕ್ಕಿದೆ ಎಂದು ನಾನು ಕಾಲಿನ ಕಡೆ ಬಗ್ಗಿದರೆ, 'ಕೈ ನೋಡಿ ಸಾ, ಆಮ್ಯಾಕೆ ಕಾಲು ನೋಡೀರಂತೆ' ಎನ್ನುತ್ತಿದ್ದರು. ಒಂದು ಕೈ ನೋಡಿದರೆ ಇನ್ನೊಂದನ್ನೂ ಚಾಚುತ್ತಿದ್ದರು. ಜೊತೆಗೆ ಬಂದ ಅತ್ತೆ, 'ನಂದೂ ಒಸಿ ನೋಡ್ಬುಡಿ ಸಾ, ಬಂದಿದ್ದು ಬಂದಿದೀನಿ' ಎಂದು ಬಳೆ ಮೇಲಕ್ಕೇರಿಸಿಕೊಂಡು ನಿಲ್ಲುತ್ತಿದ್ದಳು. ಕೈ ಹಿಡಿಯದೆ ಕೊಟ್ಟ ಮಾತ್ರೆಯನ್ನು ಅವರು ಬಸ್‌ಸ್ಟ್ಯಾಂಡಿನಲ್ಲೇ ಬಿಸಾಡಿ ಹೋಗುತ್ತಿದ್ದರು. ಹಸ್ತವಾಸಿ ಎಂಬ ಮಾತು ನನಗೆ ಅಂಟಿಕೊಂಡದ್ದು ಅಲ್ಲಿ, ಹಾಗೆ.

ಅಲ್ಲಿ ನನಗೊಬ್ಬ ಕಾಂಪೌಂಡರ್ ಇದ್ದ. ಪೋತಪ್ಪ ಎಂದು ಹೆಸರು, ಕುಂದುರ್ಪಿ ಹತ್ತಿರದವನು. ಎಪ್ಪತ್ತೈದರಲ್ಲಿ ಕಂಬದೂರಿನ ಕಡೆ ವಾಂತಿಭೇದಿ ಹಬ್ಬಿದಾಗ ಒಂದು ಹಳ್ಳಿಯ ಶಾಲೆಯಲ್ಲಿ ನಾನು ರೋಗಿಗಳನ್ನು ಸಾಲಾಗಿ ಮಲಗಿಸಿಕೊಂಡು ಒಬ್ಬನೇ ಒದ್ದಾಡುತ್ತಿದ್ದೆ. ಅವನು ಯಾರನ್ನೋ ಎತ್ತಿಕೊಂಡು ತಂದವನು, ತಿರುಗಿ ಹೋಗಲೇ ಇಲ್ಲ. ಗ್ಲೂಕೋಸ್ ಬಾಟಲಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದ. ಜನರನ್ನು ತೊಳೆದ. ನಾನೂ ತೊಳೆದೆ. ಹನ್ನೊಂದು ದಿನ ನಾವಿಬ್ಬರೂ ಬರಿಗೈಯಲ್ಲಿ ಆ ಕೆಲಸ ಮಾಡಿದೆವು, ಸೋಪು ಹಾಕಿ ಕೈ ತೊಳೆದು ಅಲ್ಲೇ ಕೂತು ಮುದ್ದೆ ತಿಂದೆವು. ಆಗ ನನಗೆ ಭಯವಾಗಲಿಲ್ಲ. ಏಕೆ ಆಗಲಿಲ್ಲ ಎಂದು ಈಗ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.

ಅಂದಿನಿಂದ ಅವನು ನನ್ನ ಜೊತೆಗೇ ಇದ್ದ. ಗಾಜಿನ ಸಿರಿಂಜುಗಳನ್ನು ಕುದಿಸುವುದು, ಸೂಜಿ ಮಸೆಯುವುದು, ಗಾಯಕ್ಕೆ ಕಟ್ಟುವುದು, ನನ್ನ ಅಕ್ಷರ ಓದುವುದು, ಎಲ್ಲ ಅವನದೇ. ಎಂಬತ್ನಾಲ್ಕರಲ್ಲಿ ನನ್ನ ಹೆಂಡತಿ ಪಂಪಮ್ಮ ತೀರಿಕೊಂಡಳು. ನಮಗೆ ಮಕ್ಕಳಿರಲಿಲ್ಲ. ಅವಳು ಹೋದ ನಾಲ್ಕನೆಯ ದಿನ ಪೋತಪ್ಪ ಮನೆಯಿಂದ ಎರಡು ಬಟ್ಟಲಿನ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟು, 'ಮುನೆಮ್ಮ ಕೊಟ್ಟವ್ಳೆ, ಉಣ್ಣಿ ಸಾ' ಎಂದ. ಮುನೆಮ್ಮ ಅವನ ಹೆಂಡತಿ. ಆಮೇಲೆ ಒಂಬತ್ತು ವರ್ಷ, ಪ್ರತಿ ಮಧ್ಯಾಹ್ನ, ಆ ಕ್ಯಾರಿಯರ್ ಬಂತು. ಅವನೂ ನಾನೂ ಅದರಲ್ಲೇ ಉಂಡೆವು. ಹಿಂದೂಪುರದಿಂದ ಬಂದ ನನ್ನ ಬಂಧುಗಳಿಗೆ ಅದು ಹಿಡಿಸಲಿಲ್ಲ. ಅವರು ಬರುವುದನ್ನು ಕಡಿಮೆ ಮಾಡಿದರು. ನನಗೇನೂ ನಷ್ಟವೆನಿಸಲಿಲ್ಲ. ಅವರ ಪೈಕಿ ಕೆಲವರು ಎರಡನೆಯ ಸಾಲಿನಲ್ಲಿದ್ದಾರೆ, ಕ್ಷಮಿಸಬೇಕು.

ಎಲ್ಲಿದ್ದೆ? ತೊಂಬತ್ತೆರಡು. ಆ ವರ್ಷ ನಮ್ಮಂಥ ಡಾಕ್ಟರುಗಳನ್ನು ಅನಂತಪುರಕ್ಕೆ ಕರೆದು ಎರಡು ದಿನ ತರಬೇತಿ ಕೊಟ್ಟರು. ಏಡ್ಸ್ ಎಂಬ ರೋಗ ಜಗತ್ತನ್ನೆಲ್ಲ ಹಬ್ಬಿದೆ, ಇನ್ನು ನಮ್ಮ ಕಡೆಗೂ ಬರುತ್ತದೆ, ಆಗ ಏನು ಮಾಡಬೇಕು ಎಂದು ಹೇಳಿದರು. ರಕ್ತ ಮುಟ್ಟುವಾಗ ಗ್ಲೌಸು ಹಾಕಿ, ಎಲ್ಲ ರೋಗಿಗಳಿಗೂ ಹಾಕಿ, ಒಬ್ಬರನ್ನು ಆರಿಸಿ ಹಾಕಬೇಡಿ ಎಂದರು. ಕೈ ಹಿಡಿದರೆ ಬರುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ ಎಂದು ಎರಡೆರಡು ಸಲ ಹೇಳಿದರು. ನಾನು ಬರೆದುಕೊಂಡೆ. ಆ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ದಾರಿಯಿಲ್ಲ.

ತೊಂಬತ್ಮೂರರ ಬೇಸಿಗೆಯಲ್ಲಿ ಪೋತಪ್ಪ ಸೊರಗತೊಡಗಿದ. ಜ್ವರ ಬಿಡುತ್ತಿರಲಿಲ್ಲ, ಭೇದಿ ನಿಲ್ಲುತ್ತಿರಲಿಲ್ಲ. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಅವನು, 'ಬಿಸ್ಲು ಸಾ, ಮಳೆ ಬಿದ್ರೆ ಸರಿಹೋಯ್ತದೆ' ಎನ್ನುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ನನಗೆ ಅನುಮಾನ ಬಂದಿತ್ತು. ಸೂಜಿ ತೊಳೆಯುವಾಗ ಅವನ ಬೆರಳಿಗೆ ಎಷ್ಟು ಸಲ ಚುಚ್ಚಿದೆಯೋ ಲೆಕ್ಕವಿಲ್ಲ. ನನಗೂ ಚುಚ್ಚಿದೆ, ಅವೇ ಸೂಜಿಗಳು. ಅವನಿಗೆ ಬಂದಿದ್ದರೆ ನನಗೂ ಬಂದಿರಬಹುದಲ್ಲವೇ? ನಾನು ಯೋಚಿಸಿದ್ದು ಅವನ ಬಗ್ಗೆ ಅಲ್ಲ, ನನ್ನ ಬಗ್ಗೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ಅಂದು ಸಂತೆ. ಹೊರಗೆ ಬೆಂಚಿನ ಮೇಲೆ, ನೆಲದ ಮೇಲೆ, ಬಾಗಿಲಿನಲ್ಲಿ ಒಂದು ನಲವತ್ತು ಜನ. ಪೋತಪ್ಪ ಹೆಸರು ಕೂಗುತ್ತಾ ಕೂಗುತ್ತಾ ತಲೆ ತಿರುಗಿ ಗೋಡೆಗೆ ಒರಗಿದ. ಅವನನ್ನು ರೋಗಿಗಳ ಸ್ಟೂಲಿನ ಮೇಲೆ ಕೂರಿಸಿದೆವು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಅವನೂ ಆ ಸೀಮೆಯವನೇ. ಕೂತವನೇ ಅಂಗಿಯ ತೋಳು ಸರಿಸಿ ಕೈ ಚಾಚಿದ.

ನಾನು ಹಿಡಿಯಲಿಲ್ಲ. 'ಪೋತಪ್ಪ, ಒಂದು ಜೊತೆ ಗ್ಲೌಸು' ಎಂದೆ. ಹದಿನೆಂಟು ವರ್ಷ ನಾನು ಏನು ಕೇಳಿದರೂ ಎತ್ತಿಕೊಡುತ್ತಿದ್ದವನು ಅವನು. ಕೇಳಿದ ಕೂಡಲೇ ಕಾಯಿಲೆಯನ್ನೂ ಮರೆತು ಎದ್ದ. ಗೋಡೆ ಹಿಡಿದುಕೊಂಡು ಬೀರುವಿಗೆ ಹೋದ. ನಮ್ಮಲ್ಲಿ ಗ್ಲೌಸು ಬೇಕಾಗುತ್ತಿದ್ದುದು ಒಳಗಿನ ಕೋಣೆಯಲ್ಲಿ, ಹೆರಿಗೆಗೆ, ಕುರು ಕೊಯ್ಯುವುದಕ್ಕೆ. 'ಯಾರ್ಗೆ ಸಾ? ಒಳಗ್ ಯಾರೂ ಮಲಗಿಲ್ವಲ್ಲ' ಎಂದ. ಅವನು ಪ್ಯಾಕೆಟ್ಟು ಬಿಚ್ಚಿ, ಪೌಡರು ಹಾಕಿ, ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದ, ಯಾವಾಗಲೂ ಹಿಡಿಯುತ್ತಿದ್ದ ಹಾಗೆಯೇ. ನಾನು ಕೈ ತೂರಿಸಿದೆ. ಒಂದು, ಆಮೇಲೆ ಇನ್ನೊಂದು. 'ಕೂತ್ಕೊ' ಎಂದೆ. ಆಗ ಅವನಿಗೆ ಅರ್ಥವಾಯಿತು. ಬಗ್ಗಿ ನೋಡುತ್ತಿದ್ದ ನಲವತ್ತು ಜನರಿಗೂ ಅರ್ಥವಾಯಿತು. ಅವನು ಕೂತು ಮತ್ತೆ ಕೈ ಚಾಚಿದ. ನಾನು ರಬ್ಬರಿನ ಬೆರಳಿನಲ್ಲಿ ಅವನ ನಾಡಿ ನೋಡಿದೆ. ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ, ನಾನು ಎಣಿಸಲೇ ಇಲ್ಲ.

ರೋಗಿಯ ಗುಟ್ಟನ್ನು ಹೊರಗೆ ಬಿಡಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ನಾನು ಒಂದು ಮಾತೂ ಆಡಲಿಲ್ಲ. ಎಲ್ಲವನ್ನೂ ಕೈಯಲ್ಲೇ ಹೇಳಿಬಿಟ್ಟೆ.

ಆ ದಿನ ಬೆಂಗಳೂರಿನ ಲ್ಯಾಬಿಗೆ ಎರಡು ಸೀಸೆ ರಕ್ತ ಹೋಯಿತು. ಒಂದರ ಮೇಲೆ ಪೋತಪ್ಪ ಎಂದು ಹೆಸರು ಬರೆದೆ. ಇನ್ನೊಂದರ ಮೇಲೆ ಯಾವುದೋ ಸುಳ್ಳು ಹೆಸರು ಬರೆದೆ. ಅದು ನನ್ನ ರಕ್ತ. ನನ್ನ ಮಾನವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ನೋಡಿ.

ಮಾರನೆಯ ದಿನವೂ ಪೋತಪ್ಪ ಕೆಲಸಕ್ಕೆ ಬಂದ. ಅವನ ಕೈಯಿಂದ ಯಾರೂ ಮಾತ್ರೆ ತೆಗೆದುಕೊಳ್ಳಲಿಲ್ಲ. 'ಅಲ್ಲೇ ಇಡಪ್ಪ, ತಗೋತೀವಿ' ಎಂದರು. ಮಧ್ಯಾಹ್ನ ಕ್ಯಾರಿಯರ್ ತೆರೆದು ನನ್ನ ಮುಂದಿಟ್ಟ. ನಾನು, ಹೊಟ್ಟೆ ಸರಿಯಿಲ್ಲ ಎಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ ಮುನೆಮ್ಮನ ಹತ್ತಿರ ವಾಪಸ್ ಹೋಯಿತು. ಮೂರನೆಯ ದಿನ ಅವನು ಬರಲಿಲ್ಲ. ಊರಿಗೆ ಹೋದ ಎಂದರು.

ಹನ್ನೆರಡನೆಯ ದಿನ ಲ್ಯಾಬಿನಿಂದ ಎರಡು ಕಾಗದ ಬಂತು. ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಕುಂದುರ್ಪಿ ಬಸ್ಸು ಹತ್ತಿದೆ. ಪೋತಪ್ಪನ ಅಣ್ಣತಮ್ಮಂದಿರು ಅವನನ್ನು ಮನೆಗೆ ಸೇರಿಸದೆ ಹೊಲದಲ್ಲಿ ಸಲಕರಣೆ ಇಡುವ ಗುಡಿಸಲಿನಲ್ಲಿ ಮಲಗಿಸಿದ್ದರು. ಮುನೆಮ್ಮ ಹೊರಗೆ ಮೂರು ಕಲ್ಲು ಹೂಡಿ ಬೇಯಿಸುತ್ತಿದ್ದಳು. ನಾನು ಒಳಗೆ ಹೋಗಿ, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಬರಿಗೈ ಚಾಚಿದೆ. ಅವನು ತನ್ನ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ.

'ಬ್ಯಾಡಿ ಸಾ. ಅವತ್ತೇ ನೋಡಿದ್ರಲ್ಲ, ಸಾಕು.'

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಏನಾದರೂ ಮಾತನಾಡುತ್ತಿದ್ದೆ. ನಾನು ಎದ್ದು ನಿಂತು ಅವನಿಗೆ ಕೈ ಮುಗಿದೆ. ಹದಿನೆಂಟು ವರ್ಷದಲ್ಲಿ ನನ್ನ ಕಾಂಪೌಂಡರಿಗೆ ನಾನು ಕೈ ಮುಗಿದದ್ದು ಅದೊಂದೇ ಸಲ. ಹೊರಗೆ ಬಂದು ಮುನೆಮ್ಮನಿಗೆ ಕಾಗದ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. 'ಈ ಕಾಗ್ದ ಇವತ್ತು ಬಂದೈತೆ. ಊರ್ನೋರ್ಗೆ ಅವತ್ತೇ ಯಾರು ಯೋಳಿದ್ದು ಸಾ?'

ಒಂದು ತಿಂಗಳಿಗೆ ಪೋತಪ್ಪ ತೀರಿಕೊಂಡ. ನನಗೆ ತಿಳಿದದ್ದು ಮೂರು ದಿನದ ಮೇಲೆ, ಬಸ್ಸಿನ ಕಂಡಕ್ಟರು ಹೇಳಿದ್ದರಿಂದ.

ಆ ಕಾಗದದಲ್ಲಿ ಏನಿತ್ತು ಎಂದು ನಿಮಗೆ ಈಗ ಕುತೂಹಲವಾಗಿರಬೇಕು. ಮುಂದಿನ ಸಾಲಿನಲ್ಲಿರುವವರ ಮುಖದಲ್ಲಿ ಕಾಣುತ್ತಿದೆ. ನಾನು ಹೇಳುವುದಿಲ್ಲ. ಅವನಿಗೆ ಆ ರೋಗ ಇರಲಿಲ್ಲ ಎಂದರೆ ನೀವು ಅವನಿಗಾಗಿ ಅಯ್ಯೋ ಎನ್ನುತ್ತೀರಿ. ಇತ್ತು ಎಂದರೆ, ಹಾಗಾದರೆ ಡಾಕ್ಟರು ಮಾಡಿದ್ದು ಸರಿ ಎನ್ನುತ್ತೀರಿ. ಎರಡೂ ನನಗೆ ಬೇಡ. ಇದ್ದರೂ ಇಲ್ಲದಿದ್ದರೂ ಆ ಕೈಯನ್ನು ನಾನು ಹಿಡಿಯಬೇಕಾಗಿತ್ತು. ಅವನ ಹೆಸರನ್ನು ಈ ಸಭೆಯಲ್ಲಿ ಹೇಳಬಹುದೇ ಎಂದು ಮುನೆಮ್ಮನಿಗೆ ಕಾರ್ಡು ಬರೆದು ಕೇಳಿದ್ದೆ. ಹೂಂ ಎಂದೂ ಬರಲಿಲ್ಲ, ಬೇಡ ಎಂದೂ ಬರಲಿಲ್ಲ. ಹೇಳಬಾರದಾಗಿತ್ತೋ ಏನೋ. ಹೇಳಿಯಾಯಿತು.

ಇನ್ನು ಸ್ವಲ್ಪವೇ ಇದೆ. ಪೋತಪ್ಪ ಹೋದ ಮೇಲೆ ನಾನು ಪುಸ್ತಕದ ಪ್ರಕಾರ ನಡೆಯಲು ತೊಡಗಿದೆ. ಒಬ್ಬರನ್ನು ಆರಿಸಬಾರದಲ್ಲವೇ, ಎಲ್ಲರಿಗೂ ಗ್ಲೌಸು ಹಾಕಿದೆ. ಮುಳ್ಳು ಚುಚ್ಚಿದವನಿಗೂ, ಕೆಮ್ಮಿನವನಿಗೂ, ನಾಡಿ ನೋಡುವುದಕ್ಕೂ. ಹೀಗೆ ಮಾಡಿದರೆ ಯಾರ ಮೇಲೂ ಗುರುತು ಬೀಳುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಕಲ್ಯಾಣದುರ್ಗದ ಜನ ನನಗಿಂತ ಚುರುಕು. ಎರಡೇ ವಾರದಲ್ಲಿ ಒಂದು ತೀರ್ಮಾನಕ್ಕೆ ಬಂದರು. 'ಡಾಕ್ಟ್ರಿಗೇ ಬಂದ್ಬುಟ್ಟೈತೆ ಕಣ್ಲಾ, ಅದಕ್ಕೇ ಕೈ ಮುಚ್ಕಂಡವ್ರೆ.' ಇದನ್ನು ನಾನು ನನ್ನ ಕಿಟಕಿಯಿಂದಲೇ ಕೇಳಿದೆ, ಹೇಳಿದವನ ಮಗಳಿಗೆ ಹೆರಿಗೆ ಮಾಡಿಸಿದವನು ನಾನೇ.

ಅಲ್ಲಿಂದ ಮುಂದೆ ಹೋಟೆಲಿನಲ್ಲಿ ನನ್ನ ಕಾಫಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಬರತೊಡಗಿತು. ಉಳಿದವರಿಗೆ ಸ್ಟೀಲ್ ಲೋಟ. ಕ್ಷೌರದವನು ಪೋತಪ್ಪನಂತೆಯೇ ನನಗೆ ಹಳಬ; ಅವನು ಬ್ಲೇಡು ಇಲ್ಲ ಸಾ, ನಾಳೆ ಬನ್ನಿ ಎಂದ. ನಾಳೆ ಹೋದೆ. ಮತ್ತೆ ನಾಳೆ ಎಂದ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿರುತ್ತಿತ್ತು, ಜನ ನಿಂತೇ ಹೋಗುತ್ತಿದ್ದರು. ಸರಿಯಾಗಿ ಏಳು ತಿಂಗಳು, ಒಬ್ಬ ಮನುಷ್ಯ ನನ್ನನ್ನು ಮುಟ್ಟಲಿಲ್ಲ. ನಾನೇನೂ ಉತ್ಪ್ರೇಕ್ಷೆ ಮಾಡುತ್ತಿಲ್ಲ. ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕಿ, ನನ್ನ ಬಲಗೈಯಿಂದ ನನ್ನ ಎಡಗೈಯ ನಾಡಿ ನೋಡಿಕೊಂಡು ಕೂತಿರುತ್ತಿದ್ದೆ. ನನ್ನ ರಕ್ತದ ಕಾಗದದಲ್ಲಿ ಏನಿತ್ತೋ ಅದನ್ನು ಬಜಾರಿನಲ್ಲಿ ತೋರಿಸಿಬಿಡಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಪೋತಪ್ಪನಿಗೆ ಆ ಅವಕಾಶ ನಾನು ಕೊಟ್ಟಿದ್ದೆನೇ? ತೋರಿಸಲಿಲ್ಲ. ಇವತ್ತೂ ಹೇಳುವುದಿಲ್ಲ.

ಹೀಗೆ ನಾನು ಹಿಂದೂಪುರಕ್ಕೆ ಬಂದೆ. ಇಲ್ಲಿಗೆ ಆ ಸುದ್ದಿ ಬಂದಿರಲಿಲ್ಲ. ಮೊದಲನೆಯ ದಿನ ಲೇಪಾಕ್ಷಿ ಬಸ್ಸಿನಲ್ಲಿ ಬಂದ ಒಬ್ಬ ಮುದುಕಿ, ಹೆಸರು ನಾರಮ್ಮ, ಹಲ್ಲುನೋವಿಗೆ ತಪ್ಪಾಗಿ ನನ್ನ ಹತ್ತಿರ ಬಂದಿದ್ದಳು. ಕೂತವಳೇ ಕೈ ಚಾಚಿದಳು. ನಾನು ಹಿಡಿದೆ. ಗಡಿಯಾರದ ಮುಳ್ಳು ಒಂದು ಸುತ್ತು ಬಂತು, ನಾನು ಬಿಡಲಿಲ್ಲ. 'ಏನಾದ್ರೂ ದೊಡ್ಡ್ ಕಾಯ್ಲೇನಾ ಸಾಮಿ?' ಎಂದು ಅವಳು ಹೆದರಿದಳು. ಇಲ್ಲ ಕಣಮ್ಮ, ಚೆನ್ನಾಗಿದೆ ಎಂದೆ.

ಈಗ ನಿಮ್ಮ ಎರಡನೆಯ ಮಾತಿಗೆ ಉತ್ತರ ಸಿಕ್ಕಿತು. ನಾಡಿ ಎಣಿಸಲು ಒಂದು ನಿಮಿಷ ಬೇಕಾಗಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು, ಗುಣಾಕಾರ ನನಗೆ ಬರುತ್ತದೆ. ಉಳಿದ ನಲವತ್ತೈದು ಸೆಕೆಂಡು ರೋಗಿಗೆ ಅಲ್ಲ, ನನಗೆ. ಮನೆಗೆ ಹೋದರೆ ನನ್ನ ಕೈ ಹಿಡಿಯುವವರು ಯಾರೂ ಇಲ್ಲ. ಅಭಿನಂದನ ಪತ್ರವನ್ನು ಬರೆದವರು ದಯವಿಟ್ಟು ಆ ಸಾಲನ್ನು ಹೊಡೆದುಹಾಕಬೇಕು. ಹಸ್ತವಾಸಿ ಎಂಬ ಮಾತನ್ನೂ.

ಸೂಜಿ, ಗಾಯ, ರಕ್ತ ಎಂದಾಗ ನಾನು ಈಗಲೂ ಗ್ಲೌಸು ಹಾಕುತ್ತೇನೆ, ಯಾರೇ ಬರಲಿ ಹಾಕುತ್ತೇನೆ. ಅದು ಸರಿಯಾದ ಕ್ರಮ. ಚಾಚಿದ ಕೈಗೆ ಹಾಕುವುದಿಲ್ಲ. ಆ ರೋಗ ನಮ್ಮ ವೈದ್ಯವೃತ್ತಿಯನ್ನು ಹೇಗೆ ಬದಲಿಸಿತು ಎಂದು ಯಾರಾದರೂ ಕೇಳಿದರೆ ದೊಡ್ಡವರು ದೊಡ್ಡ ಉತ್ತರ ಹೇಳುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ.

ಮುನೆಮ್ಮನಿಗೆ ಬರೆದ ಕಾರ್ಡಿನಲ್ಲಿ ಸಭೆಗೆ ಬಾ ಎಂದೂ ಬರೆದಿದ್ದೆ. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಬಿಡಿ ಎಂದು ಕಾರ್ಯಕರ್ತರಿಗೆ ಹೇಳಿದ್ದೆ. ಕಲ್ಯಾಣದುರ್ಗದ ಬಸ್ಸು ನಾಲ್ಕೂವರೆಗೇ ಬಂತು. ಈಗ ಏಳು. ಆ ಕುರ್ಚಿಯಲ್ಲಿ ನಮ್ಮ ವಾರ್ಡಿನ ಕೌನ್ಸಿಲರ್ ಸಾಹೇಬರು ಕೂತಿದ್ದಾರೆ. ಏಳಬೇಡಿ ಸಾರ್, ಕೂತಿರಿ. ಬರಬೇಕಾದವರು ಬರಲಿಲ್ಲ.

ವಂದನೆಗಳು ಬಾಕಿ ಇವೆ. ಅಧ್ಯಕ್ಷರಿಗೆ, ಟೀಚರ್ ಅವರಿಗೆ, ಹಾರ ತಂದವರಿಗೆ, ಮೈಕಿನವರಿಗೆ, ಇನ್ನೂ ಎದ್ದು ಹೋಗದೆ ಕೂತಿರುವ ನಿಮಗೆಲ್ಲ ನಾನು ಋಣಿ. ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಕೈಕುಲುಕುವ ಕಾರ್ಯಕ್ರಮ ಇದೆ ಎಂದು ಆಗಲೇ ಪ್ರಕಟಿಸಿದ್ದಾರೆ. ನಾಲ್ಕು ವರ್ಷದಿಂದ ನಿಮ್ಮಲ್ಲಿ ಬಹಳ ಜನರ ಕೈ ಹಿಡಿದಿದ್ದೇನೆ. ಈಗ ನಾನು ಹೇಳಿದ್ದನ್ನು ಕೇಳಿ, ನಿಮ್ಮಲ್ಲಿ ಒಬ್ಬಿಬ್ಬರು ಆಗಲೇ ತಮ್ಮ ಅಂಗೈಯನ್ನು ಪಂಚೆಗೆ ಒರೆಸಿಕೊಂಡದ್ದು ನನಗೆ ಇಲ್ಲಿಂದ ಕಂಡಿತು. ತಪ್ಪಿಲ್ಲ, ನಾನೂ ಮಾಡಿದವನೇ. ಬರುವವರು ಬನ್ನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ಕಿನ ಬಾಗಿಲನ್ನೂ ಎಂದಿನಂತೆ ತೆಗೆದಿರುತ್ತೇನೆ. ಬರಲಾಗದವರು ಕೂತಲ್ಲಿಂದಲೇ ಕೈ ಮುಗಿದರೆ ಸಾಕು. ನಾನು ಇಲ್ಲಿಂದ ಮುಗಿಯುತ್ತೇನೆ, ಆ ಗುಡಿಸಲಿನಲ್ಲಿ ಮುಗಿದ ಹಾಗೆ.

ನಮಸ್ಕಾರ.